ಕೆರೆ ಷೆಡ್ಡಿನ ಅಳುವ ಪಾಠ

ನನಗೊಂದು ಕೆಟ್ಟ ಚಾಳಿ ಇದೆ. ಮಾತು ಶುರು ಮಾಡುವ ಮೊದಲು ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ‘ಚ್’ ಅನ್ನುತ್ತೇನೆ, ಆಮೇಲೆ “ಏನಮ್ಮಾ ಕಥೆ?” ಅನ್ನುತ್ತೇನೆ. ಎದುರಿಗಿರುವುದು ಗಂಡಸಾಗಲಿ, ಡಾಕ್ಟರಾಗಲಿ, ತೊಟ್ಟಿಲ ಕೂಸಾಗಲಿ, ಅದೇ ‘ಚ್’, ಅದೇ “ಏನಮ್ಮಾ ಕಥೆ”. ಗೌರಿಬಿದನೂರಿನ ಆಚೆ, ನಗರಗೆರೆ ಕಡೆ ನಮ್ಮೂರು. ಅಲ್ಲಿ ನಮ್ಮಜ್ಜಿ ಹೀಗೇ ಮಾತಾಡುತ್ತಿದ್ದಳು. ಅವಳ ಹೊಲ ಗದ್ದೆ ಚಿಕ್ಕಪ್ಪಂದಿರ ಪಾಲಾಯಿತು, ಚಾಳಿ ನನ್ನ ಪಾಲಿಗೆ ಬಂತು. ಎಷ್ಟೋ ಜನ ಬಿಡಿಸಲು ನೋಡಿದರು. ನಾನೂ ಬಿಡಬೇಕೆಂದುಕೊಂಡಿದ್ದೆ. ಈಗ ಬಿಡುವ ಹಾಗಿಲ್ಲ, ಯಾಕೆಂದರೆ ಅದು ನನ್ನೊಬ್ಬಳದೇ ಆಗಿ ಉಳಿದಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಶಿಡ್ಲಘಟ್ಟದ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ನನ್ನ ‘ಚ್’ ಕೇಳಿಯೇ ಉಪ್ಪಿಟ್ಟು ಬಿಟ್ಟು ಎದ್ದು ಹೋದರೆಂದು ನಮ್ಮಮ್ಮ ಗೋಳಾಡುತ್ತಿದ್ದಳು. ಊರ ತುಂಬ ರೇಷ್ಮೆಗೂಡು ಬೇಯಿಸುವ ವಾಸನೆ. ಬಂದ ಹೊಸದರಲ್ಲಿ ಆ ವಾಸನೆಗೆ ಅನ್ನ ಸೇರುತ್ತಿರಲಿಲ್ಲ. ಆಮೇಲಾಮೇಲೆ ರಜೆಗೆ ಊರಿಗೆ ಹೋದರೆ, ಅದಿಲ್ಲದೆ ನಿದ್ದೆಯೇ ಬರುತ್ತಿರಲಿಲ್ಲ.

ನಮ್ಮ ಡಾಕ್ಟರು ಮೈಸೂರಿನ ಕಡೆಯವರು, ಉದ್ದ ಆಳು, ಮೆತ್ತನೆ ಮಾತು, ಸಿಟ್ಟು ಬಂದರೆ ಇನ್ನೂ ಮೆತ್ತಗೆ ಮಾತಾಡುವವರು. ಬಂದ ವರ್ಷವೇ ಅವರು ಕೆರೆಯ ಹಿಂಬದಿಯಲ್ಲಿ, ಹಿಪ್ಪುನೇರಳೆ ತೋಟಗಳು ಮುಗಿಯುವ ಕಡೆ, ಒಂದು ಹಳೆಯ ಹೆಂಚಿನ ಷೆಡ್ಡನ್ನು ಸುಣ್ಣ ಬಳಿಸಿ ಸಿದ್ಧ ಮಾಡಿಸಿದರು. ಸುತ್ತ ಕಳ್ಳಿ ಬೇಲಿ. ಅಂಗಳದ ಮೂಲೆಯಲ್ಲಿ ಬಟ್ಟೆ ಕುದಿಸಲು ದೊಡ್ಡ ಹಂಡೆ, ಕಲ್ಲಿನ ಒಲೆ. ಬಾಗಿಲಿಗೆ ಹೊರಗಡೆಯಿಂದ ಚಿಲಕ. ಸಿಡುಬು ಬಂದರೆ ರೋಗಿಗಳನ್ನು ಊರೊಳಗೆ ಇಡದೆ ಇಲ್ಲಿ ಇಡಬೇಕು, ವಾಸಿಯಾಗುವ ತನಕ ಮನೆಯವರು ಯಾರೂ ಒಳಗೆ ಹೋಗಕೂಡದು, ಇದು ಏರ್ಪಾಟು. ಸಿಡುಬು ಎಂಬ ಮಾತನ್ನು ಆಸ್ಪತ್ರೆಯವರು ಮಾತ್ರ ಆಡುತ್ತಿದ್ದೆವು. ಜನ ‘ಅಮ್ಮ ಬಂದವ್ಳೆ’ ಅನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ.

ಒಂದು ದಿನ ಡಾಕ್ಟರು ನಮ್ಮನ್ನೆಲ್ಲ ಷೆಡ್ಡಿನ ಅಂಗಳದಲ್ಲಿ ನಿಲ್ಲಿಸಿಕೊಂಡರು. “ಸುಣ್ಣ ಇದೆ, ಫಿನಾಯಿಲ್ ಇದೆ, ಹಂಡೆ ಇದೆ. ಇಲ್ಲದೇ ಇರೋದು ಒಂದೇ, ಗಟ್ಟಿ ಮನಸ್ಸು,” ಎಂದರು. ಹಿಂದೆ ಅವರು ಕೆಲಸ ಮಾಡಿದ ಕಡೆ ಇಂಥದೇ ಷೆಡ್ಡಿನಲ್ಲಿ ಒಬ್ಬ ತಾಯಿ ಒಳಗಿನಿಂದ ಅತ್ತಳಂತೆ. ಕಾವಲಿನವನು ಕರುಳು ಕರಗಿ ಬಾಗಿಲು ತೆಗೆದು ಮಗುವನ್ನು ಒಂದು ಗಳಿಗೆ ಒಳಗೆ ಬಿಟ್ಟನಂತೆ. ಆ ಮಗು ಉಳಿಯಲಿಲ್ಲ, ಅದು ಹೋಗಿ ಆಡಿದ ಬೀದಿಯೂ ಉಳಿಯಲಿಲ್ಲ. “ಈ ಊರಲ್ಲಿ ರೇಷ್ಮೆ ಹುಳದ ಮನೆಗೆ ಹೊರಗಿನೋರನ್ನ ಬಿಡಲ್ಲ. ಕಾಲು ತೊಳೀದೆ ಸ್ವಂತ ಅಳಿಯನನ್ನೂ ಬಿಡಲ್ಲ. ಹುಳಕ್ಕೆ ಕೊಡೋ ಕಾವಲು ಮನುಷ್ಯರಿಗೆ ಕೊಡಕ್ಕಾಗಲ್ವಾ?” ಎಂದು ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಒಬ್ಬರು ಒಳಗೆ ಹೋಗಿ ರೋಗಿಯ ಹಾಗೆ ಅಳಬೇಕು, ಬೇಡಬೇಕು, ಬಾಗಿಲು ತೆಗೆಸಲು ಏನೇನು ಹೇಳಬಹುದೋ ಎಲ್ಲ ಹೇಳಬೇಕು. ಹೊರಗಿನವರು ತೆಗೆಯಕೂಡದು. ಪ್ರತಿ ಅಮಾವಾಸ್ಯೆ ಹುಣ್ಣಿಮೆ ಕಳೆದ ಮಾರನೇ ದಿನ ಈ ಪಾಠ.

ಯಾರು ಒಳಗೆ ಹೋಗುವುದು? ಸುಳ್ಳುಸುಳ್ಳೇ ಆದರೂ ಅಮ್ಮ ಬಂದವರ ಹಾಗೆ ಮಲಗುವುದೆಂದರೆ ಸುಮ್ಮನೆಯೇ! ಕಾಂಪೌಂಡರು ಜನಿವಾರ ಹಿಡಿದುಕೊಂಡರು. ಜವಾನ ಸಾಬರು ತೌಬಾ ತೌಬಾ ಎಂದು ಕೆನ್ನೆ ಮುಟ್ಟಿಕೊಂಡರು. ನಾನೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಗ ಮುಂದೆ ಬಂದವಳು ನಮ್ಮ ಆಯಾ.

ಅವಳು ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬಹುದು. ಚಿಂತಾಮಣಿ ಕಡೆಯವಳು, ಬಾಯಿ ಬಿಟ್ಟರೆ ಅರ್ಧ ತೆಲುಗು ಅರ್ಧ ಕನ್ನಡ. ಗಂಡ ಇರಲಿಲ್ಲ. ತಾಯಿಯೊಂದಿಗೆ, ಒಬ್ಬಳೇ ಮಗಳೊಂದಿಗೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದಳು. ಎರಡೂ ಕೆನ್ನೆಯ ಮೇಲೆ ಸಣ್ಣ ಸಣ್ಣ ಕುಳಿ. ಅಮ್ಮ ಬಂದು ಹೋದ ಗುರುತು ಅದು, ಒಂದು ಸಲ ಬಂದವರಿಗೆ ಇನ್ನೊಂದು ಸಲ ಬರುವುದಿಲ್ಲ, ಆದ್ದರಿಂದ ಷೆಡ್ಡಿನ ಒಳಗಿನ ಕೆಲಸಕ್ಕೆ ಇವಳೇ ಸರಿ ಎಂದು ಡಾಕ್ಟರು ಮೊದಲೇ ತೀರ್ಮಾನ ಮಾಡಿದ್ದರು. “ಈ ಮೂತಿ ನೋಡಿ ಹುಡ್ಗನ ಕಡೆಯೋರು ಓಡೋಗ್ತಿದ್ರು. ಈಗ ನೋಡಿ, ಸರ್ಕಾರದೋರೇ ಬೇಕು ಅಂತ ಕೇಳ್ಕೊಂಡ್ ಬಂದವ್ರೆ,” ಎಂದು ಅವಳು ನಗುತ್ತಿದ್ದಳು. ಡಾಕ್ಟರ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಳು. “ನಾನು ಏನ್ ಬೇಕಾದ್ರೂ ಮಾಡ್ತೀನಿ ಸಾ. ನನ್ ಮಗಳು ಮಾತ್ರ ಈ ಹೊಸ್ತಿಲು ತುಳೀಬಾರ್ದು.” ಡಾಕ್ಟರು ಆಯಿತೆಂದರು. ಆ ಮಗು ಆಗ ಆರೇಳು ವರ್ಷದ್ದು, ತಾಯಿಯ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಾಡುವಂಥದು.

ಅಯ್ಯೋ, ಅವಳು ಅತ್ತಿದ್ದನ್ನು ಏನೆಂದು ಬರೆಯಲಿ! ಚಿಲಕ ಹಾಕಿದ್ದೇ ತಡ, ಅವಳ ಬಾಯಲ್ಲಿ ಯಾರು ಯಾರೋ ಬಂದರು. ಮಂಡಿಕಲ್ಲಿನ ಗೌಡರ ಮನೆಯ ಹೆಂಗಸು ಬಂದಳು: “ಬೀಸೋ ಕಲ್ಲಲ್ಲಿ ರಾಗಿ ಹಾಗೇ ಬಿಟ್ಟು ಬಂದಿವ್ನಿ ಕಣವ್ವಾ, ಒಂದು ಗಳಿಗೆ ಬಿಡು, ಮುಚ್ಚಿಟ್ಟು ಬತ್ತೀನಿ.” ನೂಲು ತೆಗೆಯುವ ಸಾಬರ ಬೀದಿಯ ಹೆಂಗಸು ಬಂದಳು: “ಬಚ್ಚೆ ಕೊ ದೇಖ್ ಕೊ ಆತ್ಯೂಂ ಅಮ್ಮಾ, ಖುದಾ ಕೀ ಕಸಮ್!” ಮಗುವನ್ನು ನೋಡಿ ಬಂದುಬಿಡುತ್ತೇನೆಂದು ದೇವರಾಣೆ ಹಾಕಿದಳು. ಒಬ್ಬ ಮುದುಕ ಬಂದು ಕೆಮ್ಮಿ ಕೆಮ್ಮಿ, ಕಾವಲಿನವರ ಏಳು ತಲೆಮಾರನ್ನು ತೆಲುಗಿನಲ್ಲಿ ಬೈದ. ಒಂದು ಸಲ ಹಾಲೂಡುವ ತಾಯಿಯ ಹಾಗೆ “ತಲುಪು ತೀಯಮ್ಮಾ, ನಾ ಬಿಡ್ಡ ಏಡುಸ್ತುಂದಿ”, ಬಾಗಿಲು ತೆಗಿ, ನನ್ನ ಕೂಸು ಅಳ್ತಿದೆ ಎಂದು ಎಂಥ ದನಿ ತೆಗೆದಳೆಂದರೆ, ಕಾಂಪೌಂಡರು ಕಣ್ಣೊರೆಸಿಕೊಳ್ಳುತ್ತ ಹೋಗಿ ಚಿಲಕ ತೆಗೆದೇಬಿಟ್ಟರು. ಅವಳು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು, “ಏನ್ ಸಾಮಿ, ಊರೆಲ್ಲಾ ಸಾಯಿಸಿಬಿಟ್ರಲ್ಲಾ!” ಎಂದಳು. ಅವತ್ತು ನಕ್ಕಿದ್ದೇ ನಕ್ಕಿದ್ದು. ಡಾಕ್ಟರೂ ನಕ್ಕರು.

ನಾನೊಬ್ಬಳು ಒಂದು ಸಲವೂ ಬಾಗಿಲು ತೆಗೆಯಲಿಲ್ಲ. ಅವಳು ಎಷ್ಟು ದನಿ ಬದಲಿಸಿದರೂ ನನ್ನದು ಒಂದೇ ಉತ್ತರ. “ಚ್. ಏನಮ್ಮಾ ಕಥೆ? ಅತ್ರೆ ಬಾಗಿಲು ಕರಗಲ್ಲ. ಹುಷಾರಾಗು, ನಾನೇ ಬಂದು ತೆಗೀತೀನಿ.” ಡಾಕ್ಟರು ಇದನ್ನು ಬಹಳ ಮೆಚ್ಚಿ, ಎಲ್ಲರೂ ಇದನ್ನೇ ಹೇಳಿ ಎಂದರು. ಆಸ್ಪತ್ರೆಯಲ್ಲಿ ನನಗೆ ಕಲ್ಲು ಸಿಸ್ಟರು ಎಂದು ಹೆಸರು ಬಿತ್ತು. ನನಗೇನೂ ಬೇಜಾರಾಗಲಿಲ್ಲ, ಹೆಮ್ಮೆಯೇ ಆಯಿತು.

ಒಂದು ಮಧ್ಯಾಹ್ನ ಬಟ್ಟೆಯ ಕೋಣೆಯ ಹತ್ತಿರ ಹೋಗುತ್ತಿದ್ದೇನೆ, ಒಳಗೆ ನಾನೇ ಮಾತಾಡುತ್ತಿದ್ದೇನೆ! ‘ಚ್’ ಕೇಳಿಸಿತು. “ಏನಮ್ಮಾ ಕಥೆ? ಈ ಬಟ್ಟೇನ ಒಗ್ದಿದ್ದೀಯೋ ಇಲ್ಲಾ ಇದಕ್ಕೆ ನೀರಿನ ಕಥೆ ಹೇಳಿದ್ದೀಯೋ?” ಅಕ್ಷರಶಃ ನನ್ನ ದನಿ, ನನ್ನ ಮೂಗು, ನಡುವೆ ನಾನು ಉಸಿರೆಳೆದುಕೊಳ್ಳುವ ರೀತಿ. ಬಾಗಿಲು ತಳ್ಳಿದರೆ ನಮ್ಮ ಆಯಾ ಬೀಗದ ಕೈ ಗೊಂಚಲನ್ನು ನನ್ನ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾಳೆ, ಸುತ್ತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ದನಿ ಅಷ್ಟು ಒರಟೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟೆ. ಕೊನೆಗೆ ಅವಳೇ ಬಂದು, “ಸಿಟ್ಟು ಮಾಡ್ಕೋಬ್ಯಾಡಿ ಸಿಸ್ಟ್ರಮ್ಮ, ನಿಮ್ ದನಿ ಇಸ್ಕೊಂಡ್ರೆ ನಂಗೆ ಧೈರ್ಯ ಬತ್ತೈತೆ,” ಎಂದಳು. ಒಂದು ಲೋಟ ಕಾಫಿ ಕೊಟ್ಟೆ.

ಅವಳ ತಾಯಿಗೆ ಮಾತ್ರ ಈ ಪಾಠ ಹಿಡಿಸುತ್ತಿರಲಿಲ್ಲ. ಮಗಳು ಷೆಡ್ಡಿನಿಂದ ಮನೆಗೆ ಬಂದಾಗೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿ, ಬೇವಿನ ಸೊಪ್ಪಿನ ನೀರು ಸುರಿದೇ ಒಳಗೆ ಬಿಡುತ್ತಿದ್ದಳು. “ಅಮ್ಮನ್ನ ಕರ್ಯೋದು ಕರೀತೀರಿ, ಕಳ್ಸಕ್ಕೆ ಯಾರು ಬತ್ತಾರೆ?” ಎಂದು ನನ್ನನ್ನು ಕೇಳಿದಳು. ನಾನು ‘ಚ್’ ಎಂದು ನನ್ನ ಕೆಲಸಕ್ಕೆ ಹೋದೆ.

ಆ ಚಳಿಗಾಲದಲ್ಲಿ ದಾಕು ಹಾಕುವವರು ಬಂದರು. ತೋಳಿನ ಮೇಲೆ ಗೀರಿ ಸಿಡುಬಿನ ಔಷಧ ಹಾಕುವುದಕ್ಕೆ ಆಗ ದಾಕು ಎನ್ನುತ್ತಿದ್ದೆವು. ನಮ್ಮೆಲ್ಲರ ತೋಳಿಗೂ ಹಾಕಿದರು. ಆಯಾಳ ಸರದಿ ಬಂದಾಗ ದಾಕಿನವನು ಅವಳ ಮುಖ ನೋಡಿ, “ನಿಮಗ್ಯಾಕವ್ವಾ, ಅಮ್ಮನೇ ಮುದ್ರೆ ಒತ್ತವ್ಳಲ್ಲ!” ಎಂದು ಮುಂದಕ್ಕೆ ಹೋದ. ಅವಳೂ ನಕ್ಕಳು, ನಾವೂ ನಕ್ಕೆವು. ಮಗಳಿಗೆ ಆ ದಿನ ಜ್ವರವಿತ್ತು. ಜ್ವರ ಇರುವ ಮಗುವಿಗೆ ಬೇಡ, ಮುಂದಿನ ಸಲ ನೋಡೋಣ ಎಂದರು.

ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ನಿಜವಾದದ್ದು ಬಂತು. ಗೂಡು ಮಾರಲು ಬಂದ ಒಬ್ಬ ಆಳು, ಆಮೇಲೆ ಅವನು ಇಳಿದುಕೊಂಡಿದ್ದ ಮನೆಯವರು, ಆಮೇಲೆ ಆ ಬೀದಿಯ ಕೆಲವರು. ನಮ್ಮ ಷೆಡ್ಡು ತುಂಬಿತು. ಹೇಳುತ್ತೇನೆ ಕೇಳಿ, ನಾವು ಸಿದ್ಧರಿದ್ದೆವು. ಒಂದು ಬಟ್ಟೆಯೂ ಕುದಿಸದೆ ಹೊರಗೆ ಹೋಗಲಿಲ್ಲ. ಒಳಗಿನಿಂದ ಅಳು ಬಂದಾಗ ಕಾಂಪೌಂಡರು ಸಹ ಗಟ್ಟಿಯಾಗಿ ನಿಂತು, ನನ್ನ ಮಾತನ್ನೇ ಹೇಳಿದರು. ಒಳಗೆ ನಮ್ಮ ಆಯಾ ಒಬ್ಬಳೇ ಎಲ್ಲರ ಮೈ ಒರೆಸಿದಳು, ಗಂಜಿ ಕುಡಿಸಿದಳು, ಸತ್ತವರ ಕಣ್ಣು ಮುಚ್ಚಿದಳು. ಅಳುವವರ ಮುಂದೆ ಅವರ ಹಾಗೇ ಅತ್ತು ತೋರಿಸಿ ನಗಿಸುತ್ತಿದ್ದಳಂತೆ. ಮಗಳನ್ನು ನೋಡಿ ಬಹಳ ದಿನವಾಗಿತ್ತು. ದಿನವೂ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಮಗಳು ಉಂಡಳೋ ಎಂದು ಕೇಳುತ್ತಿದ್ದಳು. ಉಂಡಳು ಎಂದು ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಕೇಳಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಹಣೆ ಮುಟ್ಟಿದರೆ ಕಾದ ಹೆಂಚು. ಡಾಕ್ಟರು ಬಂದು ನೋಡಿದರು, ಕೆನ್ನೆಯ ಕುಳಿಗಳ ನಡುವೆ ಹೊಸದಾಗಿ ಏಳುತ್ತಿದ್ದದ್ದನ್ನು ನೋಡಿದರು. ಹೊರಗೆ ಹೋಗಿ, ಬೇಲಿಯ ಆಚೆ ನಿಂತಿದ್ದ ಅವಳ ತಾಯಿಯನ್ನು ಕೇಳಿದರು. “ಚಿಕ್ಕವಳಾಗಿದ್ದಾಗ ಇವಳಿಗೆ ಬಂದಿದ್ದು ಎಂಥದಮ್ಮ?” “ಅಮ್ಮ ಸಾಮಿ,” ಎಂದಳು ಮುದುಕಿ. “ಮೈಮೇಲೆ ಹೇಗೆ ಎದ್ದಿತ್ತು?” ಎಂದು ಬಿಡದೆ ಕೇಳಿದಾಗ ಅವಳು ಕೆನ್ನೆ ಬಡಿದುಕೊಂಡು ಹೇಳಿದಳು: ನೀರು ನೀರಾದ ಗುಳ್ಳೆ, ಬೇಗ ಬಂದು ಬೇಗ ಇಳಿದು ಹೋಯಿತು, ಕೆರೆದುಕೊಂಡಿದ್ದಕ್ಕೆ ಕಲೆ ಉಳಿಯಿತು. ಡಾಕ್ಟರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅದು ಸಿಡುಬಲ್ಲ, ಸೀತಾಳೆ. ಸೀತಾಳೆ ಬಂದು ಹೋದವರಿಗೆ ಸಿಡುಬಿನಿಂದ ಯಾವ ರಕ್ಷಣೆಯೂ ಇಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಮನೆಗೆ ಬಂದ ಅಮ್ಮ ಯಾವ ಅಮ್ಮ ಎಂದು ಕೇಳುವುದೇ ತಪ್ಪು, ಅದಕ್ಕೆ ಅವಳ ಮನೆಯಲ್ಲೂ ಯಾರೂ ಕೇಳಿರಲಿಲ್ಲ.

ಆ ದಿನವೇ ಡಾಕ್ಟರು ಮಗುವಿನ ತೋಳಿಗೆ ತಾವೇ ದಾಕು ಹಾಕಿದರು. ಅದು ಏಳಲು, ಮೈಗೆ ಹತ್ತಲು ದಿನ ಬೇಕು. ಅಲ್ಲಿಯವರೆಗೆ ಮಗು ಷೆಡ್ಡಿನ ಹತ್ತಿರ ಸುಳಿದರೆ ಗತಿ ಇಲ್ಲ ಎಂದು ಮುದುಕಿಗೆ ಹತ್ತು ಸಲ ಹೇಳಿದರು. ನಾನು ಒಳಗೆ ಹೋಗಿ ಆಯಾಳಿಗೆ ಇದನ್ನು ತಿಳಿಸಿದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಬಿಡಬ್ಯಾಡಿ ಸಿಸ್ಟ್ರಮ್ಮ. ಅವಳು ಅತ್ರೂ ಬಿಡಬ್ಯಾಡಿ. ನಾನು ಅತ್ರೂ ಬಿಡಬ್ಯಾಡಿ,” ಎಂದಳು. ಅದಾದ ಮೇಲೆ ಅವಳನ್ನು ಷೆಡ್ಡಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಬೇರೆಯಾಗಿ ಮಲಗಿಸಿ, ನಾನೇ ನೋಡಿಕೊಂಡೆ. ಎಲ್ಲರ ಹಾಗೆ ಅಳುತ್ತಿದ್ದವಳು ತನ್ನ ಸರದಿ ಬಂದಾಗ ಒಂದು ಸಲವೂ ಅಳಲಿಲ್ಲ. ಒಂದು ಸಲವೂ ಬಾಗಿಲು ತೆಗೆಯಿರಿ ಎನ್ನಲಿಲ್ಲ. ಅವಳು ಅತ್ತಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು.

ಗಂಟಲಲ್ಲೂ ಗುಳ್ಳೆ ಎದ್ದವು. ನೀರು ಇಳಿಯದು, ಮಾತು ಹೊರಡದು. ಕಣ್ಸನ್ನೆಯಲ್ಲೇ ಮಗಳನ್ನು ವಿಚಾರಿಸುತ್ತಿದ್ದಳು.

ಅವತ್ತು ಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲಿತ್ತು. ಅವಳ ಕೋಣೆಗೆ ಚಿಲಕ ಹಾಕಿ, ನಾನು ಅಂಗಳದ ಮೂಲೆಯ ಹಂಡೆಯ ಹತ್ತಿರ ಬಟ್ಟೆ ಕುದಿಸುತ್ತಿದ್ದೆ. ಕೋಲಿನಿಂದ ಬಟ್ಟೆ ಎತ್ತಿ ನೋಡುತ್ತೇನೆ, ಆವಿಯ ಆಚೆ, ಆ ಕೋಣೆಯ ಬಾಗಿಲಲ್ಲಿ ಮಗು ನಿಂತಿದೆ. ಕೆರೆ ಏರಿಯ ಕಡೆ ಬೇಲಿಯಲ್ಲಿ ನಾಯಿ ನುಗ್ಗುವಷ್ಟು ಜಾಗವಿತ್ತು, ಅಲ್ಲಿಂದ ಬಂದಿತ್ತು. ನನಗೆ ಬೆನ್ನು. ಚಿಲಕ ಎಟುಕುತ್ತಿರಲಿಲ್ಲ. ಒಂದು ಕಲ್ಲು ಉರುಳಿಸಿ ತಂದು, ಅದರ ಮೇಲೆ ಹತ್ತಿ, ಚಿಲಕಕ್ಕೆ ಕೈ ಹಾಕಿತ್ತು. “ಅಮ್ಮಾ,” ಎಂದಿತು. “ಅಮ್ಮಾ, ನಾನು ಕಣಮ್ಮಾ.”

ನಾನು ಕೋಲು ಬಿಸಾಡಿ ಓಡಿದೆ. ಕೂಗಲು ಬಾಯಿ ತೆರೆದೆ. ನನ್ನ ಬಾಯಿಂದ ದನಿ ಹೊರಡುವ ಮೊದಲೇ, ಬಾಗಿಲ ಒಳಗಿನಿಂದ ‘ಚ್’ ಎಂದು ಕೇಳಿಸಿತು.

“ಏನಮ್ಮಾ ಕಥೆ?”

ನಾನು ನಿಂತಲ್ಲೇ ನಿಂತೆ. ಅದು ನಾನು. ನನ್ನ ಮೂಗು, ನನ್ನ ಒರಟು, ನನ್ನ ಉಸಿರು. ಬೆಳಗಿನಿಂದ ಒಂದು ಹನಿ ನೀರು ನುಂಗಲಾರದೆ ಮಲಗಿದ್ದವಳ ಗಂಟಲಿನಿಂದ ನಾನು ಮಾತಾಡುತ್ತಿದ್ದೆ. “ಯಾರೇ ಅದು ಚಿಲಕ ಆಡ್ಸೋದು? ನಿಮ್ಮಮ್ಮ ಇಲ್ಲಿಲ್ಲ. ಡಾಕ್ಟ್ರ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋದ್ಲು. ಕೈ ತೆಗಿ. ತೆಗಿ ಅಂದೆ!”

ಮಗು ಕೈ ತೆಗೆಯಿತು. ಅಳಲು ಶುರು ಮಾಡಿತು.

“ಅತ್ರೆ ಬಾಗಿಲು ಕರಗಲ್ಲ. ಹೋಗು, ಅಜ್ಜಿ ಹತ್ರ ಹೋಗು. ಹಿಂದಕ್ಕೆ ತಿರುಗಿ ನೋಡ್ಬೇಡ.”

ಆಗ ನನಗೆ ಹೊಳೆಯಿತು. ಮಗು ತಿರುಗಿದರೆ ಅಂಗಳದ ನಡುವೆ ನನ್ನನ್ನು ನೋಡುತ್ತದೆ. ನೋಡಿದರೆ ಒಳಗೆ ಮಾತಾಡಿದ್ದು ಯಾರೆಂದು ಅದಕ್ಕೆ ತಿಳಿದು ಹೋಗುತ್ತದೆ, ಆಮೇಲೆ ಆ ಬಾಗಿಲಿನಿಂದ ಅದನ್ನು ದೇವರೂ ಎಳೆದು ತರಲಾರ. ಕಲ್ಲು ಸಿಸ್ಟರು ಅಂತ ಹೆಸರು ಪಡೆದವಳು ನಾನು, ಒಲೆಯ ಹಿಂದಕ್ಕೆ ಓಡಿ, ಸೌದೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಗು ಕಲ್ಲಿನಿಂದ ಇಳಿಯಿತು. ಮೂಗು ಒರೆಸಿಕೊಂಡು, ಬಂದ ದಾರಿಯಲ್ಲೇ ಬೇಲಿ ನುಗ್ಗಿ ಹೋಯಿತು. ಹಿಂದಕ್ಕೆ ತಿರುಗಿ ನೋಡಲಿಲ್ಲ, ಹೇಳಿದ ಮಾತು ಕೇಳುವ ಮಗು ಅದು. ಅದು ಏರಿ ದಾಟಿ ಅಜ್ಜಿಯ ಬೀದಿ ಸೇರುವ ತನಕ ದೂರದಿಂದ ಕಣ್ಣಿಟ್ಟೆ.

ಚಿಲಕ ತೆಗೆದು ಒಳಗೆ ಹೋದೆ. ಅವಳು ಮಂಚದಿಂದ ಇಳಿದು, ತೆವಳಿ, ಬಾಗಿಲ ಬುಡದಲ್ಲೇ ಬಿದ್ದಿದ್ದಳು. ಬಾಯಿಯ ಅಂಚಿನಲ್ಲಿ ರಕ್ತ. ನನ್ನನ್ನು ನೋಡಿದಳು. ಈಗ ಬಂದದ್ದು ಅವಳದೇ ದನಿ, ಇತ್ತೋ ಇಲ್ಲವೋ ಅನ್ನುವಷ್ಟು ಸಣ್ಣದು.

“ಸರ್ಯಾಗಿ ಬಂತಾ, ಸಿಸ್ಟ್ರಮ್ಮ?”

“ಬಂತು ಕಣೇ,” ಎಂದೆ. “ನನಗಿಂತ ಚೆನ್ನಾಗಿ ಬಂತು.”

ಅವಳು ಮತ್ತೆ ಮಾತಾಡಲಿಲ್ಲ. ಎರಡು ದಿನ ಕಳೆದು ಹೋಗಿಬಿಟ್ಟಳು. ಕೆರೆಯಂಗಳದ ಆಚೆ ಸುಣ್ಣ ಸುರಿದು ಮಣ್ಣು ಮಾಡಿದೆವು. ಮಗುವಿನ ತೋಳಿನ ದಾಕು ಚೆನ್ನಾಗಿ ಎದ್ದಿತು. ಮಗು ಉಳಿಯಿತು.

ಮಗು ಉಳಿಯಿತು, ಆದರೆ ತಾಯಿ ಸತ್ತದ್ದು ಆ ಕೋಣೆಯಲ್ಲೇ ಎಂದು ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಸಿಸ್ಟರು ಒಳಗೆ ಕೂತುಕೊಂಡು ಸುಳ್ಳು ಹೇಳಿ ಅಟ್ಟಿದಳು, ಅಮ್ಮನ ಮುಖ ನೋಡಲು ಬಿಡಲಿಲ್ಲ ಎಂದು ಅದರ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನು ಬೀದಿಯಲ್ಲಿ ಹೋದರೆ ಕಲ್ಲು ಬೀಸುತ್ತಿತ್ತು. ಒಂದು ಸಲ ಹಣೆಗೆ ತಗುಲಿ ಊದಿಕೊಂಡಿತು. ನಾನು ಮುದುಕಿಯ ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದೆ. ಅವಳು ನನ್ನ ಕಾಲು ಹಿಡಿದಳು. “ಬ್ಯಾಡ ಸಿಸ್ಟ್ರಮ್ಮ. ನಿಮ್ ಮೇಲೆ ಸಿಟ್ಟಿರ್ಲಿ. ಹೆತ್ತೋಳೇ ಅಟ್ಟಿದ್ಲು ಅಂತ ಗೊತ್ತಾದ್ರೆ ಆ ಕೂಸು ಏನಾಗ್ಬೇಕು? ನಾನಿರೋಗಂಟ ಹೇಳ್ಬ್ಯಾಡಿ.” ನಾನು ಮಾತು ಕೊಟ್ಟೆ. ಹಣೆಗೆ ಅರಿಶಿನ ಹಚ್ಚಿಕೊಂಡು ಡ್ಯೂಟಿಗೆ ಹೋದೆ.

ಆಮೇಲೆ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಊರು ಬದಲಾದರೆ ಆ ದನಿ ಕಿವಿಯಿಂದ ಹೋದೀತು ಎಂದುಕೊಂಡಿದ್ದೆ. ಹೋಗಲಿಲ್ಲ. ಯಾವ ವಾರ್ಡಿನಲ್ಲಾದರೂ ನಾನು ‘ಚ್’ ಎಂದ ಕೂಡಲೇ, ನನ್ನ ಹಿಂದೆ ಮುಚ್ಚಿದ ಬಾಗಿಲಿನ ಒಳಗಿನಿಂದ ಅದೇ ಮಾತು ಮತ್ತೆ ಕೇಳಿಸುವುದು. ಮೊದಲು ಅವಳು ಹೇಳುತ್ತಾಳೆ, ಆಮೇಲೆ ನಾನು ಹೇಳುತ್ತೇನೆ ಅನ್ನಿಸುವುದು. ಕೆಲವು ತಿಂಗಳು ಹಲ್ಲು ಕಚ್ಚಿ ಬಾಯಿ ಬಿಗಿಹಿಡಿದು, ಬೇರೆಯವರ ಹಾಗೆ ಮೆತ್ತಗೆ ಮಾತಾಡಿ ನೋಡಿದೆ. ರೋಗಿಗಳು ನನಗೆ ಹುಷಾರಿಲ್ಲವೇನೋ ಎಂದು ಕೇಳಿದರು.

ಅರವತ್ತರ ದಶಕದ ಕೊನೆಗೆ ನಾನು ಚಿಕ್ಕಬಳ್ಳಾಪುರದಲ್ಲಿದ್ದೆ. ಹೊಸದಾಗಿ ಸೇರಿದ ಆಯಾಗಳಿಗೆ, ದಾದಿಯರಿಗೆ ಅಳುವ ಪಾಠವನ್ನು ಈಗ ನಾನೇ ಹೇಳಿಕೊಡುತ್ತಿದ್ದೆ. ಅವಳ ಹಾಗೆ ಅಳುವವರು ಮತ್ತೆ ಸಿಗಲಿಲ್ಲ. ಈಗಿನ ಹುಡುಗಿಯರು ಅತ್ತರೆ ನಗು ಬರುತ್ತಿತ್ತು, ಬಾಗಿಲು ತೆಗೆಯಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಹಾಗೆ ಒಂದು ದಿನ ಪಾಠ ಮುಗಿಸಿ ವರಾಂಡಕ್ಕೆ ಬಂದರೆ, ಕಂಬಕ್ಕೆ ಒರಗಿ ಒಬ್ಬ ಹುಡುಗಿ ನಿಂತಿದ್ದಳು. ಲಂಗ ದಾವಣಿ, ಸೆರಗಿನ ತುದಿ ಹಲ್ಲಿನ ನಡುವೆ. ಅದನ್ನು ನೋಡಿಯೇ ಗುರುತಾಯಿತು.

“ಅಜ್ಜಿ ಹೋದ್ಲು,” ಎಂದಳು. ಅಜ್ಜಿ ಸಾಯುವ ಮುಂಚೆ, ಸಿಸ್ಟರನ್ನು ಹೋಗಿ ಕೇಳು ಎಂದಿದ್ದಳಂತೆ. ಏನು ಕೇಳಬೇಕೆಂದು ಹೇಳಿರಲಿಲ್ಲವಂತೆ. “ಅವತ್ತು ನಮ್ಮಮ್ಮ ಒಳಗಿದ್ಲಾ?”

“ಇದ್ಲು.”

“ಮತ್ತೆ ಯಾಕೆ ಇಲ್ಲ ಅಂದ್ರಿ?”

“ನಾನು ಅನ್ಲಿಲ್ಲ ಕಣಮ್ಮ,” ಎಂದೆ. “ನಾನು ಹೊರಗಿದ್ದೆ. ಒಲೆ ಹಿಂದೆ.”

ಎಲ್ಲ ಹೇಳಿದೆ. ಬಟ್ಟೆ ಕೋಣೆಯ ತಮಾಷೆ, ದಾಕು, ಮುಖದ ಕಲೆ, ಚಿಲಕ, ಬಾಗಿಲ ಬುಡ, ಸರಿಯಾಗಿ ಬಂತಾ ಎಂದು ಕೇಳಿದ್ದು. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಮೊದಲು ಸುಳ್ಳು ಎಂದಳು. ಆಮೇಲೆ ಕಂಬದ ಬುಡದಲ್ಲಿ ಕೂತಳು. ನಾನೂ ಕೂತೆ. ನನಗೆ ಭಯವಾಗುತ್ತಿತ್ತು, ಮುದುಕಿ ಹೇಳಿದ್ದೇ ನಿಜವಾಗುತ್ತದೆ, ಹೆತ್ತವಳೇ ಅಟ್ಟಿದಳೆಂದು ಈ ಹುಡುಗಿ ಈಗ ಇಲ್ಲೇ ಒಡೆದು ಹೋಗುತ್ತಾಳೆ ಅಂತ.

ಅವಳು ಬೆನ್ನು ನನ್ನ ಕಡೆ ಮಾಡಿ, ಮುಚ್ಚಿದ ವಾರ್ಡಿನ ಬಾಗಿಲ ಕಡೆಗೆ ತಿರುಗಿ ಕೂತಳು.

“ಹೆಂಗಂದ್ಲು? ಒಂದ್ಸಲ ಅನ್ನಿ.”

“ಬೇಡ ಕಣಮ್ಮ.”

“ನಮ್ಮಮ್ಮ ನನ್ ಜೊತೆ ಕೊನೆಗಾಡಿದ ಮಾತು. ನಾನು ನಿಮ್ದು ಅಂತ ಬೈಕೊಂಡು ಇಷ್ಟ್ ದಿನ ಕೇಳಿಸ್ಕೊಂಡೇ ಇಲ್ಲ. ಅನ್ನಿ.”

‘ಚ್’ ಎಂದೆ. ಏನಮ್ಮಾ ಕಥೆ ಎಂದೆ. ಯಾರೇ ಅದು ಚಿಲಕ ಆಡ್ಸೋದು, ಕೈ ತೆಗಿ ಎಂದೆ. ಅತ್ರೆ ಬಾಗಿಲು ಕರಗಲ್ಲ, ಅಜ್ಜಿ ಹತ್ರ ಹೋಗು ಎಂದೆ. ಅವಳ ಹೆಗಲು ಅಲುಗುತ್ತಿತ್ತು. ನಾನು ಹೇಳಿ ಮುಗಿಸಿದಾಗ ಅವಳು ಆ ಬಾಗಿಲಿಗೆ, “ಆಯ್ತು, ಅಳಲ್ಲ. ಹೋಗ್ತೀನಿ,” ಎಂದಳು. ಎದ್ದು, ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದಳು. ಮದುವೆ ಗೊತ್ತಾದಾಗ ಬಂದಳು, ಬಸುರಿಯಾದಾಗ ಬಂದಳು, ಗಂಡನೊಂದಿಗೆ ಜಗಳವಾಡಿದಾಗಲೂ ಬಂದಳು. ನನ್ನ ಜೊತೆ ಹೆಚ್ಚು ಮಾತಿಲ್ಲ. ಕಾಫಿ ಕುಡಿಯುತ್ತಾಳೆ, ಬೆನ್ನು ತಿರುಗಿಸಿ ಕೂರುತ್ತಾಳೆ, ಸೆರಗಿನ ತುದಿ ಬಾಯಿಗೆ ಹೋಗುತ್ತದೆ.

“ಬೈರಿ ಸಿಸ್ಟ್ರಮ್ಮ,” ಅನ್ನುತ್ತಾಳೆ.

ನಾನು ಬೈಯುತ್ತೇನೆ.